ಗೇರ್‌ಬಾಕ್ಸ್ ಬಿಸಿಯಾಗುವವರೆಗೂ ಟೋಕನ್ ಕೊಡಬೇಡಿ: ಹಳೇ ಪೋಲೊ ಜಿಟಿ ಟಿಎಸ್‌ಐ ಹುಡುಕುತ್ತಿರುವವರಿಗೆ

ತುಮಕೂರಿನ ಹೊರವಲಯದಲ್ಲಿ, ಹೆದ್ದಾರಿ ಬದಿಯ ಒಂದು ಸೆಕೆಂಡ್ ಹ್ಯಾಂಡ್ ಯಾರ್ಡ್‌ನಲ್ಲಿ ಮಾರಾಟವಾದ ಕಾರಿನ ಕಥೆ ಇದು. 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಹೊರರಾಜ್ಯದ ನೋಂದಣಿ, ಮೀಟರ್‌ನಲ್ಲಿ 62 ಸಾವಿರ ಕಿ.ಮೀ., ಬೆಲೆ ಐದು ಲಕ್ಷದ ಆಸುಪಾಸು. ಪೇಂಟ್ ಹೊಳೆಯುತ್ತಿತ್ತು, ಸೀಟ್ ಕವರ್ ಹೊಸದು. ಟೆಸ್ಟ್ ಡ್ರೈವ್ ಅಂತ ಬೆಳಗ್ಗೆ ಬೆಳಗ್ಗೆಯೇ ಸಿರಾ ಕಡೆಯ ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿಸಲು ಕೊಟ್ಟರು. ಟರ್ಬೊ ಎಳೆದ ರಭಸಕ್ಕೆ ಕೊಳ್ಳುವವರ ಮನಸ್ಸು ಕರಗಿತು, ಟೋಕನ್, ಅಂದರೆ ಮುಂಗಡ ಹಣ, ಕೈ ಬದಲಾಯಿತು. ತಿಂಗಳು ತುಂಬುವುದರೊಳಗೆ ಒಂದು ಸಂಜೆ ಗುಬ್ಬಿ ಗೇಟ್ ಟ್ರಾಫಿಕ್‌ನಲ್ಲಿ ಡ್ಯಾಶ್‌ಬೋರ್ಡ್ ಮೇಲಿನ ಗೇರ್ ಅಕ್ಷರಗಳು ಮಿನುಗತೊಡಗಿದವು. ರಿವರ್ಸ್ ಬೀಳಲಿಲ್ಲ, ಎರಡನೇ ಗೇರೂ ಇಲ್ಲ. ಕಾರು ಟ್ರಕ್ ಮೇಲೇರಿ ಬೆಂಗಳೂರಿಗೆ ಹೋಯಿತು. ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಪಿ17ಬಿಎಫ್. ಅಧಿಕೃತ ಸರ್ವಿಸ್‌ನವರ ಉತ್ತರ ಒಂದೇ: ಗೇರ್‌ಬಾಕ್ಸನ್ನು ನಡೆಸುವ ಮೆಕಾಟ್ರಾನಿಕ್ ಯೂನಿಟ್ ಪೂರ್ತಿ ಬದಲಿಸಬೇಕು. ಖರ್ಚು ಒಂದು ಲಕ್ಷಕ್ಕೂ ಮೇಲೆ, ಕ್ಲಚ್ ಪ್ಯಾಕ್ ಬೇರೆ. ಮೂಗಿಗಿಂತ ಮೂಗುತಿ ಭಾರ.

ಇದು ಹಣೆಬರಹದ ಮಾತಲ್ಲ. ಈ ಕಾಯಿಲೆ ಮೊದಲೇ ಇತ್ತು, ಅದನ್ನು ಮುಚ್ಚಿ ಮಾರಿದ್ದಾರೆ. ಹೇಗೆ ಮುಚ್ಚುತ್ತಾರೆ, ಹೇಗೆ ಬಯಲು ಮಾಡಬಹುದು ಎಂಬುದನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ಮೊದಲು ಕಾರಿನ ಪರಿಚಯ. ಜಿಟಿ ಟಿಎಸ್‌ಐ ನಮ್ಮಲ್ಲಿಗೆ ಬಂದದ್ದು 2013ರಲ್ಲಿ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಜೊತೆಗೆ ಏಳು ಗೇರ್‌ನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಈ ಗೇರ್‌ಬಾಕ್ಸ್‌ನ ಕಾರ್ಖಾನೆ ಹೆಸರು ಡಿಕ್ಯೂ200. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಇಂಜಿನ್ 1.0 ಲೀಟರ್ ಆಯಿತು, ಡಿಎಸ್‌ಜಿ ಹೋಗಿ ಆರು ಗೇರ್‌ನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು. ಮಾರುವವರು ಎರಡನ್ನೂ 'ಜಿಟಿ ಆಟೊಮ್ಯಾಟಿಕ್' ಎಂದೇ ಕರೆಯುತ್ತಾರೆ. ಈ ಬರಹದ ಎಚ್ಚರಿಕೆ ಬಹುಪಾಲು ಮೊದಲನೆಯದಕ್ಕೆ.

ಡಿಕ್ಯೂ200ರಲ್ಲಿ ಎರಡು ಕ್ಲಚ್. ಕೆ1 ಹಿಡಿಯುವುದು 1, 3, 5, 7ನೇ ಗೇರ್. ಕೆ2 ಹಿಡಿಯುವುದು 2, 4, 6 ಮತ್ತು ರಿವರ್ಸ್. ಎರಡೂ ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಬಿಸಿಯಾದರೆ ತಣಿಸುವುದು ಗಾಳಿ ಮಾತ್ರ. ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಓಡಿದರೂ ಏನೂ ಆಗದ ಕ್ಲಚ್, ದಿನವೂ ಜಾಮ್‌ನಲ್ಲಿ ತೆವಳಿದರೆ ಬೇಗ ಸವೆಯುತ್ತದೆ. ಬೆಂಗಳೂರು, ಪುಣೆ, ದೆಹಲಿ ಟ್ರಾಫಿಕ್‌ನಲ್ಲಿ ಬೆಂದ ಕಾರು ತುಮಕೂರಿಗೆ ಬಂದು 'ಹೈವೇ ಡ್ರಿವನ್' ಆಗಿಬಿಡುತ್ತದೆ.

ಕ್ಲಚ್ ಒತ್ತುವುದು, ಗೇರ್ ಹಾಕುವುದು ಎಲ್ಲ ಮೆಕಾಟ್ರಾನಿಕ್ ಕೆಲಸ. ಅದರೊಳಗೆ ಒಂದು ಪುಟ್ಟ ವಿದ್ಯುತ್ ಪಂಪ್, ಸುಮಾರು ಒಂದು ಲೀಟರ್ ಹೈಡ್ರಾಲಿಕ್ ಆಯಿಲ್, ಒತ್ತಡ ಹಿಡಿದಿಡುವ ಒಂದು ಅಕ್ಯುಮುಲೇಟರ್. ಪಂಪ್ ಒತ್ತಡವನ್ನು ಸುಮಾರು 60 ಬಾರ್‌ವರೆಗೆ ಏರಿಸಿ ನಿಲ್ಲುತ್ತದೆ, 40ರ ಹತ್ತಿರ ಇಳಿದಾಗ ಮತ್ತೆ ಓಡುತ್ತದೆ. ಅಕ್ಯುಮುಲೇಟರ್ ಕೂರುವ ಅಲ್ಯೂಮಿನಿಯಂ ಬಾಡಿ ಆ ಜಾಗದಲ್ಲೇ ಬಿರುಕು ಬಿಡುವುದು ಈ ಯೂನಿಟ್‌ನ ಹೆಸರುವಾಸಿ ರೋಗ. ಬಿರುಕಿನಿಂದ ಎಣ್ಣೆ ಜಿನುಗಿ ಒತ್ತಡ ನಿಲ್ಲುವುದಿಲ್ಲ, ಪಂಪ್ ಬಿಡುವಿಲ್ಲದೆ ಓಡುತ್ತದೆ, ಕಡೆಗೆ ಕಂಪ್ಯೂಟರ್ ಪಂಪನ್ನು ಕಾಪಾಡಲು ಅದನ್ನೇ ನಿಲ್ಲಿಸುತ್ತದೆ. ಪಿ17ಬಿಎಫ್ ಅಂದರೆ ಇದೇ. ಪಿ189ಸಿ ಎಂಬ ಕೋಡ್ ಕೂಡ ಒತ್ತಡ ಸಾಲುತ್ತಿಲ್ಲ ಎಂಬುದರ ಸೂಚನೆ.

ಹಾಗಾದರೆ ಮಾರುವವರಿಗೆ ಮುಚ್ಚಲು ಹೇಗೆ ಸಾಧ್ಯ? ಎರಡೇ ಕೆಲಸ. ಸ್ಕ್ಯಾನರ್ ಹಾಕಿ ಕೋಡ್‌ಗಳನ್ನು ಅಳಿಸುತ್ತಾರೆ, ಆಮೇಲೆ ಗೇರ್‌ಬಾಕ್ಸ್‌ಗೆ 'ಬೇಸಿಕ್ ಸೆಟ್ಟಿಂಗ್' ಕೊಡುತ್ತಾರೆ. ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಕಂಪ್ಯೂಟರ್ ಹೊಸದಾಗಿ ಕಲಿಯುವುದರಿಂದ ಕಾರಿನ ಅದುರಾಟ (ಜಡರ್) ಸ್ವಲ್ಪ ದಿನ ಮಾಯವಾಗುತ್ತದೆ. ತಣ್ಣಗಿರುವ ಕಾರನ್ನು ಬೆಳಗಿನ ಖಾಲಿ ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿಸಿದರೆ ಯಾವ ಕಾಯಿಲೆಯೂ ಹೊರಗೆ ಕಾಣುವುದಿಲ್ಲ.

ಅದಕ್ಕೇ ಟೆಸ್ಟ್ ಡ್ರೈವ್ ಕನಿಷ್ಠ ಒಂದು ಗಂಟೆ, ಅದೂ ಸಂಜೆ. ತುಮಕೂರಿನವರಿಗೆ ದೇವರಾಯನದುರ್ಗದ ಘಾಟಿಗಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಬೆಟ್ಟ ಹತ್ತಿಸಿ, ತಿರುವುಗಳಲ್ಲಿ ನಿಧಾನವಾಗಿ ಒಂದು ಮತ್ತು ಎರಡನೇ ಗೇರ್ ನಡುವೆ ಬಿಡಿ. ಸುರಕ್ಷಿತ ಜಾಗ ನೋಡಿ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ಮೆಲ್ಲಗೆ ಮುಂದೆ ಎಳೆಸಿ, ನಂತರ ಕಾರು ತಿರುಗಿಸಿ ರಿವರ್ಸ್‌ನಲ್ಲಿ ಏರು ಹತ್ತಿಸಿ. ಕೆಳಗಿಳಿದು ನೇರ ಬಿ.ಎಚ್. ರಸ್ತೆಗೆ ಬನ್ನಿ, ಬಟವಾಡಿಯಿಂದ ಟೌನ್ ಹಾಲ್ ಸರ್ಕಲ್‌ವರೆಗೆ ಸಂಜೆಯ ಟ್ರಾಫಿಕ್‌ನಲ್ಲಿ ತೆವಳಿಸಿ. ಕ್ಲಚ್ ಸವೆದಿದ್ದರೆ ಈಗ ಮೈ ನಡುಗುವಂತೆ ಕಾರು ಅದುರುತ್ತದೆ, ಎರಡನೇ ಗೇರ್‌ನಿಂದ ಒಂದಕ್ಕೆ ಇಳಿಯುವಾಗ ಕಟಕ್ ಎಂದು ಗುದ್ದುತ್ತದೆ. 'ಡಿಎಸ್‌ಜಿ ಎಲ್ಲಾ ಹೀಗೇ ಸರ್' ಎಂದರೆ ನಂಬಬೇಡಿ, ಸರಿ ಇರುವ ಡಿಎಸ್‌ಜಿ ಬೆಣ್ಣೆಯಷ್ಟು ಮೆತ್ತಗೆ ಗೇರ್ ಬದಲಿಸುತ್ತದೆ.

ಖಾಲಿ ರಸ್ತೆ ಸಿಕ್ಕಾಗ ಮ್ಯಾನುವಲ್ ಮೋಡ್‌ಗೆ ಹಾಕಿ ಒಂದರಿಂದ ಏಳರವರೆಗೆ ಪ್ರತಿ ಗೇರನ್ನೂ ಹತ್ತಿಸಿ ಇಳಿಸಿ ನೋಡಿ. ನಾಲ್ಕನೇ ಗೇರ್‌ನಲ್ಲಿ 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಒತ್ತಿ. ತಳದಲ್ಲಿರುವ ಕಿಕ್‌ಡೌನ್ ಗುಂಡಿ ತಾಗಬಾರದು, ತಾಗಿದರೆ ಅದೇ ಗೇರ್ ಇಳಿಸಿಬಿಡುತ್ತದೆ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಹಿಂದೆ ಬಿದ್ದರೆ ಕೆ2 ಜಾರುತ್ತಿದೆ. ಇದನ್ನೇ ಐದನೇ ಗೇರ್‌ನಲ್ಲಿ ಮಾಡಿದರೆ ಕೆ1 ಪರೀಕ್ಷೆ.

ಇನ್ನೊಂದು ಪರೀಕ್ಷೆಗೆ ಕಿವಿ ಸಾಕು. ಕಾರು ಬಿಸಿ ಇರುವಾಗಲೇ ನಿಲ್ಲಿಸಿ, ಗೇರ್ 'ಪಿ'ಯಲ್ಲಿರಲಿ, ಎಸಿ, ಫ್ಯಾನ್, ಸ್ಟೀರಿಯೊ ಎಲ್ಲ ಆಫ್. ಇಂಜಿನ್ ಆಫ್ ಮಾಡಿ, ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಬಾನೆಟ್ ತೆರೆದು ಗೇರ್‌ಬಾಕ್ಸ್ ಇರುವ ಕಡೆ ಕಿವಿ ಕೊಡಿ. ಪಂಪ್ ಒಮ್ಮೆ 'ಝೂಂ' ಎಂದು ಓಡಿ ನಿಲ್ಲಬೇಕು. ಯಾವ ಗೇರೂ ಬದಲಿಸದೆ ಸುಮ್ಮನಿದ್ದಾಗ ಕೆಲವೇ ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಓಡುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಅಲ್ಲಿಂದ ಎದ್ದು ಬನ್ನಿ, ಚೌಕಾಸಿಗೂ ಕೂರಬೇಡಿ.

ಸ್ಕ್ಯಾನ್ ವಿಷಯದಲ್ಲಿ ತುಂಬಾ ಜನ ಎಡವುವುದು ಇಲ್ಲಿ. ಕಾರಿಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ಕೋಡ್ ನೋಡುವ, ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಒಬಿಡಿ ಡಾಂಗಲ್ ಇಂಜಿನ್ ಕೋಡ್ ಮಾತ್ರ ಓದುತ್ತದೆ, ಗೇರ್‌ಬಾಕ್ಸ್‌ನೊಳಗೆ ಇಣುಕುವುದಿಲ್ಲ. 'ನೋ ಫಾಲ್ಟ್' ಎಂದು ಬಂದರೆ ಮಾರುವವನು ಅದನ್ನೇ ತೋರಿಸಿ ಬೀಗುತ್ತಾನೆ. ಆದರೆ ಅದೇ ಡಾಂಗಲ್ ಬೇರೆ ಒಂದು ಸತ್ಯ ಹೇಳುತ್ತದೆ: ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿ.ಮೀ. ಓಡಿದೆ ಎಂಬ ಲೆಕ್ಕ. ಅಲ್ಲಿ 20, 30 ಕಿ.ಮೀ. ಎಂದಿದ್ದರೆ, ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನೇ ಪರೀಕ್ಷಿಸಿಕೊಂಡ ಲೆಕ್ಕ) 'ಅಪೂರ್ಣ' ಎಂದು ತೋರಿಸಿದರೆ, ಯಾರೋ ನಿನ್ನೆ ಮೊನ್ನೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ. ಗೇರ್‌ಬಾಕ್ಸ್ ಒಳಗನ್ನು ನೋಡಲು ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಎಂಬ ಸ್ಕ್ಯಾನ್ ಸಾಧನ ಇರುವ ಮೆಕ್ಯಾನಿಕ್ ಬೇಕು. ಅವರಿಂದ ಗೇರ್‌ಬಾಕ್ಸ್ ಮಾಡ್ಯೂಲ್ ತೆರೆಸಿ, ಎರಡೂ ಕ್ಲಚ್‌ಗಳ ಅಡಾಪ್ಟೇಷನ್ ಅಂಕಿ (ಕ್ಲಚ್ ಕಚ್ಚುವ ಜಾಗವನ್ನು ಕಂಪ್ಯೂಟರ್ ಕಲಿತ ಲೆಕ್ಕ) ಮತ್ತು ಕ್ಲಚ್ ಅತಿಯಾಗಿ ಬಿಸಿಯಾದ ದಾಖಲೆಯನ್ನು ಓದಿಸಿ. ಟೆಸ್ಟ್ ಡ್ರೈವ್ ಮುಗಿದ ಮೇಲೆ ಓದಿಸಬೇಕು, ಮೊದಲಲ್ಲ. ಮೆಕ್ಯಾನಿಕ್ ನಿಮ್ಮವನಾಗಿರಲಿ, ಯಾರ್ಡ್‌ನವರು ಕರೆಸಿದವನು ಬೇಡ.

ಈ ಕಾರಿಗೆ ಇನ್ನೊಂದು ಗ್ರಹಚಾರವೂ ಅಂಟಿತ್ತು: ರೀಮ್ಯಾಪ್. ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ 175ರ ಟಾರ್ಕನ್ನು 220 ದಾಟಿಸುವುದು ಜಿಟಿ ಟಿಎಸ್‌ಐ ಮಾಲೀಕರಲ್ಲಿ ಸಾಮಾನ್ಯ. ಡಿಕ್ಯೂ200 ತಡೆಯುವ ಮಿತಿ 250 ನ್ಯೂಟನ್ ಮೀಟರ್. ಕಾಗದದ ಮೇಲೆ ಜಾಗ ಇದೆ ಅನ್ನಿಸುತ್ತದೆ, ಆದರೆ ಆ ಮಿತಿ ಹೊಸ ಕ್ಲಚ್‌ಗೆ, ಅರ್ಧ ಸವೆದದ್ದಕ್ಕಲ್ಲ. ಮಾರುವ ಮೊದಲು ಮೂಲ ಫೈಲ್ ವಾಪಸ್ ಹಾಕಿಬಿಟ್ಟರೆ ಓಡಿಸುವಾಗ ಗೊತ್ತೇ ಆಗುವುದಿಲ್ಲ. ಕುರುಹು ಮಾತ್ರ ಉಳಿಯುತ್ತದೆ. ಟರ್ಬೊ ಗಾಳಿ ಸಾಗಿಸುವ ಬೂಸ್ಟ್ ಪೈಪ್‌ನ ಕ್ಲಾಂಪ್ ಮೇಲೆ ಸ್ಪ್ಯಾನರ್ ಗೀರು, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಪ್ಲಗ್‌ನ ಲಾಕ್ ಮುರಿದಿರುವುದು, ಇಂಜಿನ್ ಕಂಪ್ಯೂಟರ್ (ಇಸಿಯು) ಡಬ್ಬಿಯ ಅಂಚಿನಲ್ಲಿ ಹೊಸ ಸೀಲಂಟ್, ಏರ್ ಫಿಲ್ಟರ್ ಬಾಕ್ಸ್ ಮಾತ್ರ ಫಳಫಳ ಹೊಸದು. ಕೆಳಗೆ ಬಗ್ಗಿ ಎರಡನೇ ಆಕ್ಸಿಜನ್ ಸೆನ್ಸರ್ ನೋಡಿ. ಅದು ನೇರ ಪೈಪಿಗೆ ಕೂರದೆ ಒಂದು ಇಂಚಿನ ಸ್ಪೇಸರ್ ಮೇಲೆ ಎತ್ತರಕ್ಕೆ ಕೂತಿದ್ದರೆ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಹಾಕಿ ಕಂಪ್ಯೂಟರ್‌ಗೆ ಮಂಕುಬೂದಿ ಎರಚಿದ್ದಾರೆ ಎಂದೇ ಅನುಮಾನಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೂಲ ವಿನ್ಯಾಸ ಬದಲಿಸುವುದಕ್ಕೆ ಅಡ್ಡ ಬರುತ್ತದೆ, ವಿಮೆ ಕ್ಲೇಮ್ ಸಮಯದಲ್ಲಿ ಕೇಳಿಸಿಕೊಳ್ಳಬೇಕಾದವರು ನೀವು, ಹಳೆಯ ಮಾಲೀಕರಲ್ಲ.

ಇಂಜಿನ್ ಗಟ್ಟಿಯೇ, ಎಣ್ಣೆ ಸರಿಯಾಗಿ ಕಂಡಿದ್ದರೆ. ಫೋಕ್ಸ್‌ವ್ಯಾಗನ್ ಗುಣಮಟ್ಟದ ಸಂಖ್ಯೆ ವಿಡಬ್ಲ್ಯೂ 502 00 ಎಂದು ನಮೂದಿಸಿದ ಆಯಿಲ್ ಬಿಲ್‌ಗಳನ್ನು ಕೇಳಿ. ಕೂಲಂಟ್ ಡಬ್ಬಿಯ ಒಳಗೋಡೆ ನೋಡುವುದನ್ನು ಮರೆಯಬೇಡಿ. ಬಣ್ಣ ಗುಲಾಬಿ ಅಥವಾ ನೇರಳೆಯಾಗಿ ತಿಳಿಯಾಗಿರಬೇಕು. ಕಂದು ರಾಡಿ, ಬಿಳಿ ಪುಡಿ ಕಂಡರೆ ಯಾರೋ ಬೋರ್‌ವೆಲ್ ನೀರು ಸುರಿದಿದ್ದಾರೆ. ನಮ್ಮ ಕಡೆಯ ಗಡಸು ನೀರು ಪಾತ್ರೆಯಲ್ಲೇ ಬಿಳಿ ಪದರ ಕಟ್ಟುತ್ತದೆ, ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಬಿಡುತ್ತದೆಯೇ? ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್. ಇದನ್ನು ನೋಡಲು ನೀವು ಹೋಗುವ ಮುಂಚೆ ಇಂಜಿನ್ ಬಿಸಿಯಾಗಿರಬಾರದು. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ.

ಮೀಟರ್ ತಿರುಗಿಸಿರುವುದು ಟೈರ್‌ನಲ್ಲಿ ಸಿಕ್ಕಿಬೀಳುತ್ತದೆ. ಟೈರ್ ಮೇಲಿನ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಡಿಕ್ಕಿಯಲ್ಲಿರುವ ಸ್ಪೇರ್ ಟೈರ್ ಕಾರಿನ ವಯಸ್ಸಿನದೇ, ಹೊರಗಿನ ನಾಲ್ಕು ಎಷ್ಟನೇ ಸೆಟ್? ಬ್ರೇಕ್ ಡಿಸ್ಕ್ ಅಂಚಿನ ದಿಣ್ಣೆ, ಬ್ರೇಕ್ ಪೆಡಲ್ ರಬ್ಬರಿನ ಸವೆತ, ಸ್ಟೀರಿಂಗ್ ಚರ್ಮದ ಹೊಳಪು ಇವೆಲ್ಲ ಒಂದೇ ಕಥೆ ಹೇಳಬೇಕು. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ದಾಖಲೆ ಕೇಳಿ, ಕೊನೆಯ ಸರ್ವಿಸ್‌ನ ಕಿ.ಮೀ. ಈಗಿನದಕ್ಕಿಂತ ಹೆಚ್ಚಿದ್ದರೆ ಮಾತು ಮುಗಿಯಿತು. ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ, ಸೀಟ್ ರೈಲ್ ಬೋಲ್ಟ್ ತುಕ್ಕು ಹಿಡಿದಿದ್ದರೆ ನೀರಲ್ಲಿ ಮುಳುಗಿದ ಕಾರು.

ಹೊರರಾಜ್ಯದ ಕಾರು ಅಗ್ಗ ಏಕೆ ಎಂಬುದು ಆರ್‌ಟಿಒ ಕಚೇರಿಯಲ್ಲಿ ತಿಳಿಯುತ್ತದೆ. ಕರ್ನಾಟಕದ ಜೀವಾವಧಿ ತೆರಿಗೆಯ ಲೆಕ್ಕ ನೀವು ಕೊಟ್ಟ ಐದು ಲಕ್ಷದ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ಕಡಿತ ಕಳೆದು. ಮೂಲ ಆರ್‌ಟಿಒ ಕೊಡುವ ಎನ್‌ಒಸಿ ಫಾರ್ಮ್ 28ರಲ್ಲಿ, ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಬ್ಯಾಂಕ್ ಪತ್ರ, ವರ್ಗಾವಣೆಗೆ ಫಾರ್ಮ್ 29 ಮತ್ತು 30. ಇವು ಕೈಯಲ್ಲಿಲ್ಲದೆ ತುಮಕೂರಿನ ಕೆಎ-06 ನಂಬರ್ ಕನಸು ಕಾಣಬೇಡಿ, 'ಏಜೆಂಟ್ ಮಾಡಿಸಿಕೊಡ್ತಾನೆ' ಎಂಬುದು ದಾಖಲೆಯಲ್ಲ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಸಾಲದ ನಮೂದು, ವಿಮೆ, ಬಾಕಿ ಚಲನ್ ನೋಡಲು ಐದು ನಿಮಿಷ ಸಾಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ವಿಮೆ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಹಾಕಿ.

ಡಿಎಸ್‌ಜಿ ರಗಳೆ ಬೇಡವೆನ್ನುವವರು 2020ರ ನಂತರದ 1.0 ಟಿಎಸ್‌ಐ ಹುಡುಕಿ, ಅದು ಮ್ಯಾನುವಲ್‌ನಲ್ಲೂ ಇದೆ, 110 ಪಿಎಸ್. ಬದಲಿಗೆ ಮಾರುತಿಯ ಬಲೆನೊ ಆರ್‌ಎಸ್ ಕಣ್ಣಿಗೆ ಬಿದ್ದರೆ, ಬ್ರೇಕ್‌ಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ದೋಷಕ್ಕೆ 2023ರಲ್ಲಿ ಕಂಪನಿಯೇ 7,213 ಕಾರುಗಳನ್ನು ವಾಪಸ್ ಕರೆದಿತ್ತು. ಆ ಕೆಲಸ ಆಗಿದೆಯೇ ಎಂದು ಚಾಸಿ ನಂಬರ್ ಹಾಕಿ ಖಚಿತ ಮಾಡಿಕೊಳ್ಳಿ.

ಈಗಾಗಲೇ ಟೋಕನ್ ಕೊಟ್ಟಿದ್ದರೆ ಬಾಕಿ ಹಣ ಕೊಡುವ ಮೊದಲು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ: ಮೀಟರ್ ಓದು, ಗೇರ್‌ಬಾಕ್ಸ್ ಸ್ಕ್ಯಾನ್ ವರದಿಯ ದಿನಾಂಕ, ರೀಮ್ಯಾಪ್ ಆಗಿಲ್ಲ ಎಂಬ ಘೋಷಣೆ, ಸ್ಕ್ಯಾನ್‌ನಲ್ಲಿ ದೋಷ ಕಂಡರೆ ಟೋಕನ್ ವಾಪಸ್ ಎಂಬ ಷರತ್ತು. ಹಣ ನಗದಾಗಿ ಬೇಡ, ಬ್ಯಾಂಕ್ ಖಾತೆಗೆ, ಯಾರ್ಡ್ ಹೆಸರಿನ ರಸೀದಿಯೊಂದಿಗೆ. ವ್ಯಾಪಾರಿಯಿಂದ ಕೊಂಡದ್ದಕ್ಕೆ ಪುರಾವೆ ಇದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಗುಬ್ಬಿ ಗೇಟ್‌ನಲ್ಲಿ ನಿಂತ ಆ ಕಾರಿನ ವಹಿವಾಟು ಪೂರ್ತಿ ನಗದಿನಲ್ಲಿ ನಡೆದಿತ್ತು, ರಸೀದಿ ಇರಲಿಲ್ಲ, ಯಾರ್ಡ್‌ನವರು 'ನಾವು ಬರೀ ಮಧ್ಯವರ್ತಿ' ಎಂದು ಕೈ ತೊಳೆದುಕೊಂಡರು.