ಎಕೋ ತರಗತಿಗಳು: ಮಲೆನಾಡಿನ ವೈದ್ಯಾಧಿಕಾರಿಯೊಬ್ಬರ ಬಳಕೆದಾರ ವಿಮರ್ಶೆ

ಸಿಎಂಇ, ಅಂದರೆ ವೈದ್ಯರ ಮುಂದುವರಿದ ಶಿಕ್ಷಣದ ಅಂಕಗಳನ್ನು ಕೂಡಿಹಾಕುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಈ ವಿಮರ್ಶೆಯನ್ನು ಓದುವ ಅಗತ್ಯವಿಲ್ಲ. ಜಿಲ್ಲಾ ಕೇಂದ್ರದ ಯಾವುದಾದರೊಂದು ಹೋಟೆಲಿನ ಸಭಾಂಗಣದಲ್ಲಿ ಭಾನುವಾರ ಕುಳಿತೆದ್ದರೆ ಅಂಕ ಸಿಗುತ್ತದೆ, ಊಟವೂ ಚೆನ್ನಾಗಿರುತ್ತದೆ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣ ಬೇಕೆಂದಿತು. ವರ್ಷಕ್ಕೆ ಆರು ಗಂಟೆ. ಅಷ್ಟನ್ನು ತುಂಬಿಸಲು ಯಾರಿಗೂ ಕಷ್ಟವಿಲ್ಲ. ಅಲ್ಲಿ ಕೇಳಿದ್ದು ಸೋಮವಾರ ಬೆಳಿಗ್ಗೆ ಒಪಿಡಿಯ (ಹೊರರೋಗಿ ವಿಭಾಗದ) ಕುರ್ಚಿಯಲ್ಲಿ ಕುಳಿತಾಗ ಕೆಲಸಕ್ಕೆ ಬರುತ್ತದೆಯೇ ಎಂಬುದು ಬೇರೆ ಮಾತು.

ನಾನಿರುವುದು ಪಶ್ಚಿಮ ಘಟ್ಟದ ಅಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಅಡಿಕೆ ತೋಟ, ಕಾಡು, ಮಳೆಗಾಲದಲ್ಲಿ ಎಷ್ಟು ಹೊತ್ತಿಗಾದರೂ ಕೈಕೊಡುವ ವಿದ್ಯುತ್ತು. ಊರೂರಿನ ವೈದ್ಯರು ತಮ್ಮ ಕೇಸುಗಳನ್ನು ತಂದು ತಜ್ಞರೊಡನೆ ವಿಡಿಯೊದಲ್ಲಿ ಚರ್ಚಿಸಿ ಕಲಿಯುವ ಎಕೋ ಮಾದರಿಯ ಆನ್‌ಲೈನ್ ತರಗತಿಗಳಲ್ಲಿ ಕೆಲವು ವರ್ಷಗಳಿಂದ ಭಾಗವಹಿಸುತ್ತಿದ್ದೇನೆ. ಇವನ್ನು ನಡೆಸುವ ಕೇಂದ್ರಗಳು ಹಲವಿವೆ. ಕೆಲವು ಬಹಳ ಚೆನ್ನಾಗಿವೆ, ಕೆಲವು ಹೆಸರಿಗೆ ಮಾತ್ರ ಎಕೋ. ಆದ್ದರಿಂದ ಒಂದು ಸಂಸ್ಥೆಯ ಬದಲು ಈ ಮಾದರಿಯ ಬಗ್ಗೆಯೇ ಬರೆಯುತ್ತೇನೆ.

ಈ ಮಾದರಿ ಹುಟ್ಟಿದ್ದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ ಅವರ ಬಳಿ ಹೆಪಟೈಟಿಸ್ ಸಿ ರೋಗಿಗಳು ತಿಂಗಳುಗಟ್ಟಲೆ ಸರದಿ ಕಾಯಬೇಕಿತ್ತು. ದೂರದ ಹಳ್ಳಿಗಳಿಂದ ಬರುವಷ್ಟರಲ್ಲಿ ಹಲವರ ಯಕೃತ್ತು ಕೆಟ್ಟಿರುತ್ತಿತ್ತು. ರೋಗಿಗಳನ್ನು ನಗರಕ್ಕೆ ಕರೆಸುವ ಬದಲು ಆಯಾ ಊರಿನ ವೈದ್ಯರಿಗೇ ವಾರವಾರ ವಿಡಿಯೊ ಮೂಲಕ ಚಿಕಿತ್ಸೆ ಕಲಿಸುವ ಕೆಲಸವನ್ನು ಅವರು 2003ರಲ್ಲಿ ಆರಂಭಿಸಿದರು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟು 407 ರೋಗಿಗಳಲ್ಲಿ, ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 57.5ರಷ್ಟು ಜನರ ರಕ್ತದಿಂದ ವೈರಸ್ ಮಾಯವಾಗಿತ್ತು. ಹಳ್ಳಿ ಹಾಗೂ ಜೈಲುಗಳಲ್ಲಿ ಸಾಮಾನ್ಯ ವೈದ್ಯರ ಕೈಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 58.2. ನಮ್ಮಂಥವರಿಗೆ ಇದಕ್ಕಿಂತ ಸಂತೋಷ ಕೊಡುವ ದಶಮಾಂಶ ಇನ್ನೊಂದಿಲ್ಲ.

ತರಗತಿಯ ರೀತಿ ಸರಳ. ಗಂಟೆ, ಒಂದೂವರೆ ಗಂಟೆಯ ಅವಧಿ. ಮೊದಲು ಹದಿನೈದು ಇಪ್ಪತ್ತು ನಿಮಿಷದ ಪಾಠ. ಉಳಿದ ಹೊತ್ತೆಲ್ಲ ಭಾಗವಹಿಸಿದವರು ತಂದ ಕೇಸುಗಳು. ರೋಗಿಯ ಹೆಸರು, ಗುರುತು ಹೇಳುವಂತಿಲ್ಲ. ವಯಸ್ಸು, ಕೆಲಸ, ಲಕ್ಷಣ, ಕೊಟ್ಟ ಔಷಧಿ, ನಿಮ್ಮ ಪ್ರಶ್ನೆ, ಇಷ್ಟನ್ನು ಒಂದು ನಮೂನೆಯಲ್ಲಿ ಮೊದಲೇ ತುಂಬಿ ಕಳಿಸಬೇಕು. ತರಗತಿಯಲ್ಲಿ ಮೊದಲು ಇತರ ಊರಿನ ವೈದ್ಯರು ಪ್ರಶ್ನೆ ಕೇಳುತ್ತಾರೆ, ಸಲಹೆ ಕೊಡುತ್ತಾರೆ. ತಜ್ಞರು ಬಾಯಿ ತೆರೆಯುವುದು ಕೊನೆಯಲ್ಲಿ. ಈ ಕ್ರಮ ತಪ್ಪಿದ ದಿನ ಅದು ಮಾಮೂಲಿ ಭಾಷಣವಾಗುತ್ತದೆ. ನಮೂನೆ ತುಂಬಿಸುವುದೇ ಅರ್ಧ ಕಲಿಕೆ ಎಂಬುದು ನನ್ನ ಅಭಿಪ್ರಾಯ. ‘ನಿಮ್ಮ ಪ್ರಶ್ನೆ ಏನು?’ ಎಂಬ ಖಾನೆಯಲ್ಲಿ ಒಂದು ವಾಕ್ಯ ಬರೆಯಲು ಕುಳಿತಾಗ, ರೋಗಿಯನ್ನು ಏನು ಕೇಳಿಲ್ಲ ಎಂಬುದು ತಾನಾಗಿ ಎದುರಿಗೆ ಬರುತ್ತದೆ.

ಹಾವು ಕಡಿತದ ಒಂದು ಚರ್ಚೆಯನ್ನು ಇಲ್ಲಿ ಹೇಳಲೇಬೇಕು. ಘಟ್ಟದ ಮೇಲಿನ ತಾಲ್ಲೂಕೊಂದರ ವೈದ್ಯೆ ತಂದ ಕೇಸು. ತೋಟದ ಕೂಲಿಕಾರನ ಕಾಲು ಊದಿಕೊಂಡಿದೆ, ರಕ್ತ ಹೆಪ್ಪುಗಟ್ಟುತ್ತಿಲ್ಲ, ಪ್ರತಿವಿಷದ ಮೊದಲ ಕಂತು ಮುಗಿದರೂ ಪರೀಕ್ಷೆಯಲ್ಲಿ ಬದಲಾವಣೆಯಿಲ್ಲ. ಇನ್ನಷ್ಟು ಕೊಡಬೇಕೇ ಎಂಬುದು ಪ್ರಶ್ನೆ. ನಗರದ ತಜ್ಞರು ಕೊಳಕು ಮಂಡಲವೆಂದೇ ಭಾವಿಸಿ ಪ್ರಮಾಣದ ಮಾತು ಎತ್ತಿದರು. ಆಗ ಪಕ್ಕದ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯ ಹಿರಿಯ ವೈದ್ಯರೊಬ್ಬರು, ‘ಹಾವಿನ ಚಿತ್ರ ಇದೆಯೇ ಮೇಡಂ?’ ಎಂದು ಕೇಳಿದರು. ರೋಗಿಯ ತಮ್ಮ ಮೊಬೈಲಿನಲ್ಲಿ ತೆಗೆದ ಚಿತ್ರವಿತ್ತು. ಮೂತಿಯ ತುದಿ ಮೇಲಕ್ಕೆ ಬಾಗಿದ ಪುಟ್ಟ ಗುಳಿಮಂಡಲ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ಮಾತ್ರ. ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಬಾಟಲಿಯ ಮೇಲೆ ಬಾಟಲಿ ಏರಿಸಿದರೆ ರೋಗಿಗೆ ಸಿಗುವುದು ಅಲರ್ಜಿಯ ಅಪಾಯ ಮಾತ್ರ. ಮಾಡಬೇಕಾದದ್ದು ಮೂತ್ರದ ಪ್ರಮಾಣವನ್ನೂ ಮೂತ್ರಪಿಂಡದ ಸ್ಥಿತಿ ತೋರುವ ರಕ್ತದ ಕ್ರಿಯಾಟಿನಿನ್ ಅನ್ನೂ ಗಮನಿಸುತ್ತ, ಮೂತ್ರಪಿಂಡ ಸೋಲುವ ಮೊದಲೇ ಡಯಾಲಿಸಿಸ್ ಇರುವಲ್ಲಿಗೆ ಕಳಿಸುವುದು. ತಜ್ಞರು ಅದನ್ನು ಒಪ್ಪಿ, ಮುಂದಿನ ಹತ್ತು ನಿಮಿಷವನ್ನು ಆ ಹಿರಿಯರಿಗೇ ಬಿಟ್ಟುಕೊಟ್ಟರು. ಎಕೋದವರು ‘ಎಲ್ಲರೂ ಕಲಿಸುತ್ತಾರೆ, ಎಲ್ಲರೂ ಕಲಿಯುತ್ತಾರೆ’ ಎಂದು ಹೇಳಿಕೊಳ್ಳುವುದನ್ನು ನಾನು ಬರಿಯ ಘೋಷಣೆ ಎಂದುಕೊಂಡಿದ್ದೆ. ಅಂದು ಹಾಗೆನಿಸಲಿಲ್ಲ.

ಅದೇ ಚರ್ಚೆಯಲ್ಲಿ ಇಪ್ಪತ್ತು ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆಯ ಮಾತೂ ಬಂತು. ಕೊಳವೆ ಗಾಜಿನದಾಗಿರಬೇಕು, ಪ್ಲಾಸ್ಟಿಕ್ ಆಗದು. ಸಾಬೂನಿನ ಪುಡಿಯಲ್ಲಿ ತೊಳೆದದ್ದೂ ಆಗದು; ಒಣಗಿದ, ಹೊಸ ಕೊಳವೆ ಬೇಕು. ರಕ್ತ ಹಾಕಿದ ಮೇಲೆ ಇಪ್ಪತ್ತು ನಿಮಿಷ ಅಲುಗಾಡಿಸಬಾರದು. ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ‘ನಿಮ್ಮಲ್ಲಿ ಕೊಳವೆ ಯಾವ ಡಬ್ಬಿಯಲ್ಲಿದೆ, ರಾತ್ರಿ ಪಾಳಿಯವರಿಗೆ ಗೊತ್ತೇ?’ ಎಂದು ಪುಸ್ತಕ ಕೇಳುವುದಿಲ್ಲ. ಮರುದಿನವೇ ನಮ್ಮ ಕೇಂದ್ರದಲ್ಲಿ ಗಾಜಿನ ಕೊಳವೆಗಳು ತುರ್ತು ತಟ್ಟೆಗೆ ಬಂದವು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲಂತೂ ಈ ವಿಷಯದ ತರಗತಿಗಳಿಗೆ ಜನ ಹೆಚ್ಚಿದ್ದಾರೆ.

ಮಾನಸಿಕ ಆರೋಗ್ಯದ ಕಲಿಕೆ ಇನ್ನೊಂದು ಬಗೆಯದು. ಬೆಂಗಳೂರಿನ ನಿಮ್ಹಾನ್ಸ್ ಪ್ರಾಥಮಿಕ ಹಂತದ ವೈದ್ಯರಿಗಾಗಿ ನಡೆಸುವ ತರಬೇತಿಯಲ್ಲಿ, ನಾವು ನಮ್ಮ ಒಪಿಡಿಯಲ್ಲಿ ನಮ್ಮದೇ ರೋಗಿಯೊಡನೆ ಮಾತನಾಡುವಾಗ ಮನೋವೈದ್ಯರು ವಿಡಿಯೊದಲ್ಲಿ ಜೊತೆಗಿದ್ದು ತಿದ್ದುವ ವ್ಯವಸ್ಥೆಯಿದೆ. ಹಳ್ಳಿಯ ಒಪಿಡಿಗೆ ಯಾರೂ ‘ನನಗೆ ಖಿನ್ನತೆ’ ಎಂದು ಬರುವುದಿಲ್ಲ. ತಲೆ ಭಾರ, ಮೈಕೈ ನೋವು, ನಿದ್ದೆಯಿಲ್ಲ, ಸುಸ್ತು, ಒಂದು ಶಕ್ತಿಯ ಇಂಜೆಕ್ಷನ್ ಕೊಡಿ ಡಾಕ್ಟ್ರೇ, ಇದೇ ಅದರ ವೇಷ. ಬಿ ಕಾಂಪ್ಲೆಕ್ಸ್ ಮತ್ತು ನಿದ್ದೆ ಮಾತ್ರೆ ಕೊಟ್ಟು ಕಳಿಸುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಯಾವ ಎರಡು ಪ್ರಶ್ನೆಗಳನ್ನು ಹೇಗೆ ಕೇಳಬೇಕು, ಅತ್ತೆ ಪಕ್ಕದಲ್ಲೇ ನಿಂತಿದ್ದರೆ ಅವರನ್ನು ಹೊರಗೆ ಕಳಿಸಲು ಏನು ನೆಪ ಹೇಳಬೇಕು, ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್ ಬರೆದರೆ ಎರಡು ಮೂರು ವಾರ ಏನೂ ಅನ್ನಿಸದಿದ್ದರೂ ಬಿಡಬಾರದೆಂದು ಹೇಗೆ ನಂಬಿಸಬೇಕು, ಇದು ಭಾಷಣ ಕೇಳಿ ಬರುವ ವಿದ್ಯೆಯಲ್ಲ. ಯಾರಾದರೂ ನೋಡುತ್ತಿರುವಾಗ ಮಾಡಿಯೇ ಕಲಿಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಡುವ ಅಭ್ಯಾಸವೂ ಇಂಥ ಚರ್ಚೆಗಳಿಂದಲೇ ಬಂದದ್ದು.

ಇನ್ನು ದೂರುಗಳು. ಸಮಯದ್ದು ಮೊದಲನೆಯದು. ನಾನು ಸೇರಿದ್ದ ಒಂದು ಸರಣಿ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತಿತ್ತು. ಒಪಿಡಿಯ ಮುಂದೆ ಸಾಲು ಬಾಗಿಲು ದಾಟಿರುವ ಹೊತ್ತು ಅದು. ಸಮಯ ಬದಲಿಸಿ ಎಂದು ಹಲವರು ಬರೆದೆವು. ತಜ್ಞರಿಗೆ ಅನುಕೂಲವಿಲ್ಲ ಎಂಬ ಉತ್ತರ ಬಂತು. ಫಲವಾಗಿ ಹಾಜರಾತಿ ಪಟ್ಟಿ ತುಂಬಿರುತ್ತಿತ್ತು, ಕ್ಯಾಮೆರಾಗಳೆಲ್ಲ ಕಪ್ಪಾಗಿರುತ್ತಿದ್ದವು. ಮೊಬೈಲನ್ನು ಮೇಜಿನ ಮೇಲೆ ತೆರೆದಿಟ್ಟು ರೋಗಿಗಳನ್ನು ನೋಡುವುದು ಎರಡೂ ಕಡೆಗೆ ದ್ರೋಹ.

ಎರಡನೆಯದು ಇದಕ್ಕಿಂತ ಗಂಭೀರ. ಪಾಠ ಮಾಡುವವರಲ್ಲಿ ಅನೇಕರಿಗೆ ನಮ್ಮ ಔಷಧಿ ಕೋಣೆಯ ಕಪಾಟಿನಲ್ಲಿ ಏನಿರುತ್ತದೆ ಎಂಬ ಕಲ್ಪನೆಯಿಲ್ಲ. ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ಬಗ್ಗೆ ಒಂದು ತರಗತಿ ಕೇಳಿದೆ. 2023ರಲ್ಲಿ ಪ್ರಕಟವಾದ ಭಾರತದ್ದೇ ದೊಡ್ಡ ಅಧ್ಯಯನ, ತೀವ್ರ ಸ್ವರೂಪದ ಕಾಯಿಲೆಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ ಕೊಡುವುದು ಯಾವುದಾದರೂ ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು ತೋರಿಸಿತು. ಮಹತ್ವದ ಸಂಗತಿಯೇ. ಪಾಠದ ಬಹುಪಾಲು ಅದಕ್ಕೇ ಹೋಯಿತು. ಆದರೆ ಅದು ದೊಡ್ಡ ಆಸ್ಪತ್ರೆಯ ವಾರ್ಡಿನ ವಿಷಯ. ನಮಗೆ ಬೇಕಿದ್ದದ್ದು, ಜ್ವರದ ನಾಲ್ಕನೆಯ ದಿನ ಬಂದವರಲ್ಲಿ ಇದನ್ನು ಅನುಮಾನಿಸುವುದು ಹೇಗೆ, ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ವರದಿಗೆ ಕಾಯದೆ ಯಾವಾಗ ಆರಂಭಿಸಬೇಕು ಎಂಬುದು. ಹುಳು ಕಚ್ಚಿದ ಜಾಗದ ಕಪ್ಪು ಹಕ್ಕಳೆ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಸ್ತನದ ಕೆಳಗೆ ಅಡಗಿರುತ್ತದೆ. ಅದನ್ನು ಹುಡುಕಲು ಒಪಿಡಿಯಲ್ಲಿ ಪರದೆ ಬೇಕು, ಹೆಂಗಸರನ್ನು ಪರೀಕ್ಷಿಸುವಾಗ ಜೊತೆಗೆ ನರ್ಸ್ ಬೇಕು. ಇದಕ್ಕೆ ಸಿಕ್ಕದ್ದು ಒಂದೇ ಸ್ಲೈಡು. ಅದೂ ಪ್ರಶ್ನೆ ಕೇಳಿದ ಮೇಲೆ ಹಿಂದಕ್ಕೆ ತಿರುಗಿಸಿ ತೋರಿಸಿದ್ದು.

ನರ್ಸ್ ಎಂದೆನಲ್ಲ, ಅದೇ ನನ್ನ ದೊಡ್ಡ ತಕರಾರು. ರಾತ್ರಿ ಹಾವು ಕಡಿದವರು ಬಂದಾಗ ಮೊದಲು ಎದ್ದು ಬರುವವರು ಅವರು. ರಕ್ತದೊತ್ತಡದ ರೋಗಿಗಳನ್ನು ತಿಂಗಳಾ ತಿಂಗಳು ನೋಡಿ ಅಮ್ಲೋಡಿಪಿನ್ ಹಂಚುವವರು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು. ಆದರೂ ಕೆಲವು ಸರಣಿಗಳಿಗೆ ಎಂಬಿಬಿಎಸ್ ನೋಂದಣಿ ಸಂಖ್ಯೆಯಿಲ್ಲದೆ ಪ್ರವೇಶವೇ ಇಲ್ಲ. ನಮ್ಮ ನರ್ಸ್ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ನನಗಿಂತ ಹೆಚ್ಚು ಟಿಪ್ಪಣಿ ಬರೆದುಕೊಂಡು, ಪ್ರಮಾಣಪತ್ರವಿಲ್ಲದೆ ಎದ್ದು ಹೋಗುತ್ತಾರೆ. ಭಾಷೆಯೂ ಹೆಚ್ಚಿನ ಕಡೆ ಇಂಗ್ಲಿಷೇ. ಕನ್ನಡದಲ್ಲಿ ಚರ್ಚೆ ನಡೆದ ದಿನ ಕೈ ಎತ್ತುವವರ ಸಂಖ್ಯೆ ಹೆಚ್ಚುವುದನ್ನು ನಾನೇ ಕಂಡಿದ್ದೇನೆ.

ಕೇಸು ಮಂಡಿಸಿದವರು ತಿಂಗಳ ನಂತರ ಬಂದು ರೋಗಿ ಏನಾದರೆಂದು ಹೇಳುವ ಪದ್ಧತಿ ಒಳ್ಳೆಯ ಕೇಂದ್ರಗಳಲ್ಲಿದೆ. ಇಲ್ಲದ ಕಡೆ ಸಲಹೆಗಳೆಲ್ಲ ಗಾಳಿಗೆ ಹೋಗುತ್ತವೆ. ನಾನು ಹೊಸ ಸರಣಿ ಸೇರುವ ಮೊದಲು ಈಗ ಕೇಳುವ ಪ್ರಶ್ನೆ ಇದೊಂದೇ.

ಹೋಲಿಕೆಗೆ ಬೇರೆಯವನ್ನೂ ಬಳಸಿದ್ದೇನೆ. ಹಣ ಕೊಟ್ಟು ಪಡೆದ ಒಂದು ಕಲಿಕಾ ಆ್ಯಪ್ ಇತ್ತು. ವಿಡಿಯೊಗಳು ಚೊಕ್ಕವಾಗಿದ್ದವು, ಕೊನೆಯ ಐದು ಪ್ರಶ್ನೆಗಳಿಗೆ ವಿಡಿಯೊ ನೋಡದೆಯೂ ಉತ್ತರಿಸಬಹುದಿತ್ತು. ಚಂದಾ ಮುಗಿದ ಮೇಲೆ ನವೀಕರಿಸಲಿಲ್ಲ. ಔಷಧಿ ಕಂಪನಿಗಳ ಹಣದಲ್ಲಿ ನಡೆಯುವ ಸಭೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರಾಟ ಸಂಹಿತೆ ವೈದ್ಯರಿಗೆ ಉಡುಗೊರೆ, ಪ್ರವಾಸಗಳನ್ನು ಕೊಡಬಾರದೆಂದಿದೆ. ಉಪನ್ಯಾಸದ ಹೊತ್ತಿಗೆ ಹೊಸ ಮಾತ್ರೆಯ ಹೆಸರು ಪರದೆಯ ಮೂಲೆಯಲ್ಲಿ ಮಿಂಚುವುದು ಮಾತ್ರ ಹಾಗೆಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2019ರಿಂದ ಹೊರತರುತ್ತಿರುವ ಚಿಕಿತ್ಸಾ ನಕ್ಷೆಗಳು ಇವೆಲ್ಲಕ್ಕಿಂತ ಉಪಯುಕ್ತ. ಒಂದು ಕಾಯಿಲೆಗೆ ಒಂದೇ ಹಾಳೆ, ಯಾವ ಹಂತದಲ್ಲಿ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂಬುದು ಸ್ಪಷ್ಟ, ಖರ್ಚೂ ಇಲ್ಲ. ಗೋಡೆಗೆ ಅಂಟಿಸಿದ್ದೇನೆ.

ಹಾಗಾದರೆ ಎಕೋಗಾಗಿ ಅಷ್ಟು ಹೊತ್ತು ಕೊಡಬೇಕೇ? ವೈದ್ಯಕೀಯ ಶಿಕ್ಷಣ ಸಭೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಇಂಥ ಸಭೆಗಳಿಂದ ವೈದ್ಯರ ನಡೆಯಲ್ಲಿ ಆಗುವ ಸುಧಾರಣೆ ಸುಮಾರು ಶೇ. 6 ಮಾತ್ರ. ಉಪನ್ಯಾಸದ ಜೊತೆ ಚರ್ಚೆಯೂ ಬೆರೆತ ಕಡೆ ಪರಿಣಾಮ ಹೆಚ್ಚು. ನನ್ನ ಅನುಭವ ಅದಕ್ಕೆ ಹೊಂದುತ್ತದೆ. ಕೇಸು ಮಂಡಿಸದೆ ಕೇಳಿದ ಎಕೋ ತರಗತಿ ನನ್ನ ಮಟ್ಟಿಗೆ ಹೋಟೆಲ್ ಸಭೆಗಿಂತ ಹೆಚ್ಚೇನಲ್ಲ, ಊಟವೊಂದು ಇಲ್ಲ ಅಷ್ಟೆ. ಮಂಡಿಸಿದ ಪ್ರತಿ ಕೇಸೂ ನೆನಪಿನಲ್ಲಿದೆ, ಅದರ ಔಷಧಿಯ ಪ್ರಮಾಣ ಸಮೇತ.

ಸೇರುವವರಿಗೆ ಕೆಲವು ಮಾತು. ಸಂಜೆ ನಡೆಯುವ ಸರಣಿಯನ್ನೇ ಹುಡುಕಿ. ಅಂಕ ಬೇಕಿದ್ದರೆ ರಾಜ್ಯ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿ. ಸರಣಿ ಮುಗಿದ ಮೇಲೆ ಕೇಳಿದರೆ ಉತ್ತರಿಸುವವರು ಇರುವುದಿಲ್ಲ. ಮಳೆಗಾಲದಲ್ಲಿ ವಿಡಿಯೊ ಬಂದ್ ಮಾಡಿ ಧ್ವನಿಯನ್ನಷ್ಟೇ ಇಟ್ಟುಕೊಳ್ಳಿ, ಕೇಸಿನ ನಮೂನೆಯನ್ನು ಹಿಂದಿನ ದಿನವೇ ಇಮೇಲ್ ಮಾಡಿ. ಸಾಧ್ಯವಿದ್ದರೆ ನಿಮ್ಮ ನರ್ಸನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಹೆಸರನ್ನೂ ಹಾಜರಾತಿಗೆ ಹಾಕಿ ಎಂದು ಸಂಘಟಕರಿಗೆ ಪ್ರತಿ ಬಾರಿಯೂ ಬರೆಯಿರಿ. ನಾನು ಬರೆಯುತ್ತಲೇ ಇದ್ದೇನೆ. ಒಂದು ಕೇಂದ್ರದವರು ಮಾತ್ರ ಇತ್ತೀಚೆಗೆ ಒಪ್ಪಿಕೊಂಡಿದ್ದಾರೆ.