ರೊಬಸ್ಟಾದ ಬಾಯಾರಿಕೆ: ಮಣ್ಣಿನ ಮೀಟರೋ, ಎಲೆಯ ಬಾಂಬೋ, ಬರಿಗಣ್ಣೋ?

ಫೆಬ್ರವರಿ ಬಂತೆಂದರೆ ಮೂಡಿಗೆರೆ ಸೀಮೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ: ಸ್ಪ್ರಿಂಕ್ಲರ್ ಯಾವಾಗ ಶುರು ಮಾಡುವುದು? ರೊಬಸ್ಟಾ ಕಾಫಿ ಗಿಡ ಒಂದಷ್ಟು ಬಾಯಾರಿದರೇನೇ ಮೊಗ್ಗುಗಳು ಒಟ್ಟಿಗೆ ಹದಕ್ಕೆ ಬರುತ್ತವೆ. ಆಗ ಒಂದು, ಒಂದೂವರೆ ಇಂಚು ನೀರು ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅವಸರಪಟ್ಟರೆ ಹೂವು ಕಂತು ಕಂತಾಗಿ ಅರಳುತ್ತದೆ, ತೀರಾ ತಡವಾದರೆ ಮೊಗ್ಗು ಕರಟುತ್ತದೆ. ಈ ಬಾಯಾರಿಕೆಯನ್ನು ಅಳೆಯುವ ಮೂರು ದಾರಿಗಳನ್ನು ಒಂದೇ ತೋಟದಲ್ಲಿ ಹೋಲಿಸಿ ನೋಡಿದೆ.

ಒಣಗುತ್ತಿರುವ ಮಣ್ಣು ನೀರನ್ನು ಎಷ್ಟು ಬಲವಾಗಿ ಎಳೆಯುತ್ತಿದೆ ಎಂದು ತೋರಿಸುವ ಟೆನ್ಸಿಯೋಮೀಟರ್ ಅಗ್ಗ, ಸರಳ. ನೀರು ತುಂಬಿದ ಕೊಳವೆ, ಬುಡದಲ್ಲಿ ಸೆರಾಮಿಕ್ ಬಟ್ಟಲು, ತಲೆಯ ಮೇಲೆ ಮುಳ್ಳಿನ ಗಡಿಯಾರ. ಆದರೆ ಅದರ ಓಟವೆಲ್ಲ ಎಂಬತ್ತು ಸೆಂಟಿಬಾರ್‌ನ (ಆ ಎಳೆತದ ಅಳತೆ) ಆಸುಪಾಸಿನಲ್ಲೇ ಮುಗಿಯುತ್ತದೆ. ಸಾವಿರ ಮೀಟರ್ ಎತ್ತರದ ನಮ್ಮ ಕಡೆ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಇನ್ನೂ ಹತ್ತು ಕಳೆಯಿರಿ. ಹೂವಿಗೆ ಮುಂಚಿನ ಒಣಮಣ್ಣು ಆ ಮಿತಿಯನ್ನು ಎಂದೋ ದಾಟಿರುತ್ತದೆ. ಆಗ ಕೊಳವೆಗೆ ಗಾಳಿ ನುಗ್ಗಿ ಮುಳ್ಳು ಸೊನ್ನೆಗೆ ಜಾರುತ್ತದೆ. ಸೊನ್ನೆ ಎಂದರೆ ಮಣ್ಣು ನೆಂದಿದೆ ಎಂದರ್ಥ! ನೆಲ ಬಿರಿದಿರುವಾಗ ಇಂಥ ಸುಳ್ಳು ಹೇಳುವ ಯಂತ್ರವನ್ನು ತೋಟದ ರೈಟರ್ (ಗುಮಾಸ್ತ) ಕೈಗೆ ಕೊಟ್ಟು ನಿಶ್ಚಿಂತೆಯಿಂದ ಇರಲಾಗದು. ಹೂವು ಅರಳಿದ ನಂತರದ ಎರಡನೇ ನೀರಿಗೆ ಮಾತ್ರ ಇದು ಒಳ್ಳೆಯ ಸಂಗಾತಿ.

ಪ್ರೆಷರ್ ಬಾಂಬ್, ಅಂದರೆ ಕೊಯ್ದ ಎಲೆಯ ಬಾಯಾರಿಕೆಯನ್ನು ಅನಿಲದ ಒತ್ತಡದಿಂದ ಅಳೆಯುವ ಡಬ್ಬಿ, ಗಿಡವನ್ನೇ ನೇರವಾಗಿ ಕೇಳುತ್ತದೆ. ಸ್ಪೇನಿನ ಆಲಿವ್ ತೋಟಗಳಲ್ಲಿ, ಕಾಯೊಳಗಿನ ಓಟೆ ಗಟ್ಟಿಯಾಗುವ ಹಂತದಲ್ಲಿ ಬೇಕೆಂದೇ ನೀರು ಕಡಿತ ಮಾಡುವವರು ಇದನ್ನು ನಂಬುತ್ತಾರೆ. ಕೃಷಿ ಓದುತ್ತಿರುವ ನೆಂಟರ ಹುಡುಗ ಒಂದನ್ನು ತಂದಿದ್ದ. ನೆರಳಿನ ಎಲೆಗೆ ಫಾಯಿಲ್ ಚೀಲ ತೊಡಿಸಿ ಕಾಯಬೇಕು. ಮಧ್ಯಾಹ್ನ ಬ್ಲೇಡಿನಿಂದ ಕೊಯ್ದು, ತೊಟ್ಟು ಮಾತ್ರ ಹೊರಗೆ ಉಳಿಯುವಂತೆ ಡಬ್ಬಿಯೊಳಗೆ ಬಿಗಿದು, ನೈಟ್ರೋಜನ್ ಅನಿಲವನ್ನು ನಿಧಾನವಾಗಿ ಬಿಡಬೇಕು. ಭೂತಕನ್ನಡಿಯಲ್ಲಿ ನೋಡುತ್ತಿದ್ದರೆ ತೊಟ್ಟಿನ ಮಾಸಲು ತುದಿ ಒಮ್ಮೆಲೇ ಒದ್ದೆಯಾಗಿ ಕಪ್ಪಿಡುತ್ತದೆ. ಆ ಕ್ಷಣದ ಒತ್ತಡವೇ ಉತ್ತರ. ಹೆಚ್ಚಿದ್ದಷ್ಟೂ ಬಾಯಾರಿಕೆ ಹೆಚ್ಚು. ರೊಬಸ್ಟಾದ ಎಲೆ ಅಗಲ, ತೊಟ್ಟು ಗಿಡ್ಡ. ತೊಟ್ಟಿನ ಸುತ್ತ ಹಿಡಿಯುವ ರಬ್ಬರನ್ನು ತುಸು ಹೆಚ್ಚು ಬಿಗಿದರೆ ತೊಟ್ಟು ಜಜ್ಜಿಹೋಗುತ್ತದೆ, ಸಡಿಲ ಬಿಟ್ಟರೆ ಅನಿಲ ಸೋರಿ ಬುರುಗು ಬರುತ್ತದೆ. ಇಷ್ಟೆಲ್ಲ ರಗಳೆಯಿದ್ದರೂ, ಸಿಲ್ವರ್ ಓಕ್ ನೆರಳಿನ ಗಿಡಕ್ಕೂ ಬಯಲಿನ ಗಿಡಕ್ಕೂ ಇರುವ ಅಂತರವನ್ನು ಅಂಕಿಯಲ್ಲಿ ತೋರಿಸಿದ್ದು ಇದೊಂದೇ. ಬಯಲಿನ ಬ್ಲಾಕಿಗೆ ಮೊದಲು ಸ್ಪ್ರಿಂಕ್ಲರ್ ಜೆಟ್ ಹಾಕಿದ್ದು ಅದರ ಮಾತಿನ ಮೇಲೆಯೇ. ಆಲಿವ್‌ಗೆ ಗೊತ್ತುಮಾಡಿದ ಅಂಕಿಗಳನ್ನು ಕಾಫಿಗೆ ಅಂಟಿಸಬೇಡಿ. ಆಲಿವ್ ಒಣನಾಡಿನ ಗಟ್ಟಿ ಮರ.

ಎಲೆಯ ಬಿಸಿ ಅಳೆಯುವ ಗನ್ ಕೂಡ ಹಿಡಿದು ನೋಡಿದೆ. ಬಿಸಿಲು ನೆರಳಿನ ಆಟದಲ್ಲಿ ಅಂಕಿ ಕುಣಿಯಿತು, ಬಿಟ್ಟೆ.

ಬರಿಗಣ್ಣನ್ನು ತಾತ್ಸಾರ ಮಾಡಬೇಡಿ, ಹೊತ್ತು ಮಾತ್ರ ಮುಖ್ಯ. ನಡುಹಗಲು ಎಲೆ ಜೋತುಬಿದ್ದರೆ ಗಾಬರಿ ಬೇಕಿಲ್ಲ. ಬೆಳಗಿನ ಜಾವವೂ ಹಾಗೇ ಇದ್ದರೆ ಪಂಪ್ ಶುರು ಮಾಡಿ.

ನನ್ನ ಆಯ್ಕೆ ಕೇಳಿದರೆ, ಹೂವಿನ ನೀರಿಗೆ ಬಾಂಬ್ ಮತ್ತು ಮುಂಜಾನೆಯ ಸುತ್ತು, ಆಮೇಲಿನದಕ್ಕೆ ಟೆನ್ಸಿಯೋಮೀಟರ್. ಬಾಂಬನ್ನು ಒಬ್ಬರೇ ಕೊಳ್ಳುವುದು ದಂಡ; ನಾಲ್ಕಾರು ತೋಟದವರು ಸೇರಿ ಕೊಳ್ಳಬಹುದು. ಗುಡ್ಡದ ಮೇಲಕ್ಕೆ ಸಿಲಿಂಡರ್ ಹೊರುವವರು ಯಾರೆಂದು ಮಾತ್ರ ದುಡ್ಡು ಹಾಕುವ ಮೊದಲೇ ತೀರ್ಮಾನಿಸಿಕೊಳ್ಳಿ.