ಗೇರ್ ಕ್ಯಾಮೋ, ಚೈನ್ ಕ್ಯಾಮೋ: ಪುಣೆಯಲ್ಲಿ ಎರಡನ್ನೂ ಓಡಿಸಿ ನೋಡಿದ್ದು

ಹಳೇ ಬುಲೆಟ್ ಇಟ್ಟುಕೊಂಡವರ ಮುಂದೆ ರಾಯಲ್ ಎನ್‌ಫೀಲ್ಡಿನ ಹೊಸ 350ರ ಸುದ್ದಿ ತೆಗೆದರೆ ಮೊದಲು ಬರುವ ಮಾತು, "ಅದರಾಗ ಚೈನ್ ಐತಲ್ರೀ, ಇದು ಪೂರಾ ಗೇರ್." ಮಾತು ಹಿಂದಿನ ಗಾಲಿಯ ಚೈನಿನದಲ್ಲ: ಇಂಜಿನ್ನಿನೊಳಗೆ ಗಾಳಿ-ಹೊಗೆಯ ಬಾಗಿಲಾದ ವಾಲ್ವುಗಳನ್ನು ತೆಗೆದು ಮುಚ್ಚುವ ಉಬ್ಬಿನ ದಂಡ ಕ್ಯಾಮ್, ಅದನ್ನು ತಿರುಗಿಸುವುದು ಚೈನೋ ಗೇರೋ ಅನ್ನೋದು ಜಗಳ. ಪುಣೆಯ ನಮ್ಮ ಬಳಗದಲ್ಲಿ ಧಾರವಾಡದವರಿದ್ದಾರೆ, ವಿಜಯಪುರದವರಿದ್ದಾರೆ, ಬೆಳಗಾವಿಯವರಿದ್ದಾರೆ. ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಈ ಮಂದಿ ಇದೊಂದರಲ್ಲಿ ಮಾತ್ರ ಒಂದೇ ಪಕ್ಷ. ನನ್ನ ಹತ್ತಿರ ಎರಡೂ ಇವೆ: ಅಪ್ಪ ಓಡಿಸುತ್ತಿದ್ದ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್ 350, ಆಮೇಲೆ ನಾನು ತಗೊಂಡ ಹೊಸ ಕ್ಲಾಸಿಕ್ 350. ಹಿಂಜವಡಿಯ ಟ್ರಾಫಿಕ್ಕಿನಲ್ಲೂ ಖಂಬಾಟಕಿ ಘಾಟಿನಲ್ಲೂ ಎರಡನ್ನೂ ಓಡಿಸಿದ್ದೇನೆ. ಗೇರಿಗೆ ಸಿಗುವ ಹೊಗಳಿಕೆಯಲ್ಲಿ ಅರ್ಧ ಅದಕ್ಕೆ ಸೇರಿದ್ದೇ ಅಲ್ಲ, ಚೈನಿಗೆ ಬೀಳುವ ಬೈಗುಳದಲ್ಲಿ ಮುಕ್ಕಾಲು ಆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿಗೆ ಬೀಳಬೇಕಾದದ್ದು ಅನ್ನೋದು ನನ್ನ ಅಭಿಪ್ರಾಯ.

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಬಲಕ್ಕೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು. ಈ ಲೆಕ್ಕ ತಪ್ಪಬಾರದು, ಅಷ್ಟೇ ಕೆಲಸ. (ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಈ ತಲೆನೋವೇ ಇರಲಿಲ್ಲ. ಟೂ ಸ್ಟ್ರೋಕಿನಲ್ಲಿ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ.) ಹಳೇ ಬುಲೆಟ್ಟಿನಲ್ಲಿ ಎರಡು ಕ್ಯಾಮುಗಳೂ ಕ್ರ್ಯಾಂಕಿನ ಪಕ್ಕದಲ್ಲೇ ಕೆಳಗೆ ಕೂತಿರುತ್ತವೆ. ಅಲ್ಲಿಂದ ಪುಶ್‌ರಾಡ್ ಅನ್ನುವ ಉದ್ದ ಕಡ್ಡಿಗಳು ಮೇಲೆ ಹೋಗಿ ವಾಲ್ವು ತೆಗೆಯುತ್ತವೆ. ಹೊಸ 349 ಸಿಸಿ ಇಂಜಿನ್ನಿನಲ್ಲಿ ಕ್ಯಾಮ್ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲೇ ಇದೆ. ಕೆಳಗಿನ ಕ್ರ್ಯಾಂಕಿಗೂ ಮೇಲಿನ ಕ್ಯಾಮಿಗೂ ನಡುವೆ ಇಡೀ ಬ್ಲಾಕಿನಷ್ಟು ದೂರ. ಆ ದೂರವನ್ನು ಗೇರಿನಲ್ಲಿ ಮುಟ್ಟಬೇಕಾದರೆ ಒಂದರ ಮೇಲೊಂದು ಗೇರ್ ಜೋಡಿಸಬೇಕು. ತೂಕ ಏರುತ್ತದೆ, ಖರ್ಚು ಏರುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಬಿಸಿಯಾಗಿ ಹಿಗ್ಗಿದಾಗ ಗೇರ್‌ಗಳ ನಡುವಿನ ಅಂತರವೂ ಬದಲಾಗುತ್ತದೆ. ಹಾಗಾಗಿ ಅಲ್ಲಿ ಚೈನ್ ಬಂತು. ಇದರಲ್ಲಿ ಕಂಪನಿಯ ಜಿಪುಣತನ ಹುಡುಕುವವರು ಮೊದಲು ಕ್ಯಾಮ್ ಎಲ್ಲಿದೆ ಅಂತ ನೋಡಲಿ.

ಬುಲೆಟ್ಟಿನ ಬಲಗಡೆಯ ಟೈಮಿಂಗ್ ಕವರ್ ತೆಗೆದು ನೋಡುವುದೇ ಒಂದು ಸುಖ. ಪಿಂಪರಿಯಲ್ಲಿ ನಾನು ಗಾಡಿ ಬಿಡುವ ಮಿಸ್ತ್ರಿ ವಿಜಯಪುರ ಕಡೆಯವನು. ಕವರ್ ಕಳಚಿ, ಎಣ್ಣೆ ಒರೆಸಿ, ಬೆರಳಿಟ್ಟು ತೋರಿಸಿದ: ಕ್ರ್ಯಾಂಕಿನ ತುದಿಗೆ ಪಿನಿಯನ್ ಅನ್ನುವ ಸಣ್ಣ ಗೇರ್, ಪಕ್ಕದಲ್ಲಿ ಎರಡು ಕ್ಯಾಮ್ ಗೇರ್, ಅಲ್ಲಿಂದ ಮುಂದೆ ಕಿಡಿಯ ಹೊತ್ತು ನೋಡಿಕೊಳ್ಳುವ ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್‌ವರೆಗೆ ಇನ್ನಷ್ಟು ಹಲ್ಲುಗಳು. ಗೇರ್‌ಗಳ ಮೇಲೆ ಗುರುತುಗಳಿವೆ, ಗುರುತಿಗೆ ಗುರುತು ಕೂಡಿಸಿದರೆ ಟೈಮಿಂಗ್ ಮುಗಿಯಿತು. ಪಿನಿಯನ್ ನಟ್ಟಿಗೆ ನಾನು ಪಾನಾ ಹಾಕಲು ಹೋದಾಗ ಕೈ ಹಿಡಿದ. "ಸರ, ಈ ನಟ್ ಉಲ್ಟಾ ಐತ್ರಿ. ಎಡಕ್ಕ ತಿರುವಿದ್ರ ಇನ್ನಷ್ಟ ಬಿಗಿ ಆಗ್ತೈತಿ." ಆ ನಟ್ಟಿನ ಮೇಲೇ ಆಯಿಲ್ ಪಂಪ್ ತಿರುಗಿಸುವ ವರ್ಮ್ (ಸ್ಕ್ರೂವಿನ ಹಾಗೆ ಸುತ್ತಿದ ಹಲ್ಲು) ಇದೆ, ಹಾಗಾಗಿ ಅದನ್ನು ಹಾಳು ಮಾಡಿಕೊಂಡರೆ ಬರೀ ನಟ್ಟಿಗೆ ಮುಗಿಯುವುದಿಲ್ಲ. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ನಿಪ್ಪಾಣಿಯ ರಸ್ತೆಬದಿಯ ಗ್ಯಾರೇಜಿನಲ್ಲೂ ಆಗುವ ಕೆಲಸ. ಗೇರಿನ ಪರವಾಗಿ ನಾನು ಒಪ್ಪುವ ದೊಡ್ಡ ಅಂಶ ಇದು. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಚೈನಿನ ಹಾಗೆ ಸವೆದು ಉದ್ದವಾಗುವ ವಸ್ತು ಒಳಗೆ ಇಲ್ಲ.

ಸದ್ದಿನ ವಿಷಯಕ್ಕೆ ಬಂದರೆ ಕಥೆ ಬೇರೆ. ವಾಕಡ್ ಸಿಗ್ನಲ್ಲಿನಲ್ಲಿ ನಿಂತಾಗ ಬುಲೆಟ್ಟಿನ ಬಲಗಾಲಿನ ಕಡೆಯಿಂದ ಬರುವ ಕಟಕಟವನ್ನು ಅಭಿಮಾನಿಗಳು 'ದಮ್' ಅನ್ನುತ್ತಾರೆ. ಅದರಲ್ಲಿ ಕ್ಯಾಮಿಗೂ ಪುಶ್‌ರಾಡಿಗೂ ನಡುವಿನ ಟ್ಯಾಪೆಟ್ಟಿನದೂ ಸೇರಿದೆ, ಆದರೆ ಗೇರಿನ ಪಾಲು ಹುಟ್ಟುವ ರೀತಿ ಸರಳ. ಕ್ಯಾಮ್ ವಾಲ್ವನ್ನು ಒತ್ತುವಾಗ ಸ್ಪ್ರಿಂಗ್ ಕ್ಯಾಮನ್ನು ಹಿಂದಕ್ಕೆ ತಳ್ಳುತ್ತದೆ. ಉಬ್ಬಿನ ತುದಿ ದಾಟಿದ ಕೂಡಲೇ ಅದೇ ಸ್ಪ್ರಿಂಗ್ ಕ್ಯಾಮನ್ನು ಮುಂದಕ್ಕೆ ದೂಡುತ್ತದೆ. ಹಲ್ಲು ಹಲ್ಲಿನ ನಡುವೆ ಇರುವ ಸಣ್ಣ ಸಂದಿಯಲ್ಲಿ ಗೇರ್ ಆ ಕಡೆ ಈ ಕಡೆ ಬಡಿಯುತ್ತದೆ. ಆಕ್ಸಲರೇಟರ್ ಕೊಟ್ಟರೆ ಕಡಿಮೆ, ಐಡಲ್‌ನಲ್ಲಿ ಜಾಸ್ತಿ. ಅಂದರೆ ನಾವು ಹೆಮ್ಮೆಪಡುವುದು ಸಂದಿಯ ಬಗ್ಗೆ! ಸಂದಿ ಇಲ್ಲದೆ ಬಿಗಿಯಾಗಿ ಕೂಡಿಸಿದರೆ ಗೇರ್ ಗುಂಯ್ ಅಂತ ಅಳುತ್ತದೆ. ಹೋಂಡಾದಂಥವರು ಗೇರನ್ನು ಎರಡು ತೆಳು ಪದರ ಮಾಡಿ ನಡುವೆ ಸ್ಪ್ರಿಂಗ್ ಇಟ್ಟು ಈ ಸಂದಿ ಮುಚ್ಚಿದರು. ಅದು ದುಬಾರಿ ಬೈಕುಗಳ ಭಾಗ್ಯ.

ಕ್ಲಾಸಿಕ್ ಹತ್ತಿ ಅದೇ ಸಿಗ್ನಲ್ಲಿನಲ್ಲಿ ನಿಂತರೆ ಕಟಕಟ ಇಲ್ಲ. ಗೆಳೆಯನೊಬ್ಬ ಇದಕ್ಕೆ "ಹೊಲಿಗಿ ಮಷೀನ್" ಅಂತ ಹೆಸರಿಟ್ಟಿದ್ದಾನೆ. ಖಂಬಾಟಕಿ ಏರುವಾಗ ವ್ಯತ್ಯಾಸ ಇನ್ನೂ ಸ್ಪಷ್ಟ. ಹಳೆಯದು ಮೂರನೇ ಗೇರಿನಲ್ಲಿ ಕೆಳಗಿನಿಂದಲೇ ಎಳೆಯುತ್ತದೆ, ಆದರೆ ಮೇಲೆ ತಿರುಗಿಸಿದರೆ ಹ್ಯಾಂಡಲ್ಲು, ಫುಟ್‌ರೆಸ್ಟು ಎಲ್ಲ ನಡುಗುತ್ತವೆ. ಹೊಸದು ಸತಾರ ದಾಟಿ ಕೊಲ್ಹಾಪುರದವರೆಗೂ ಒಂದೇ ಹದ. ಆದರೆ ಈ ಸುಖವನ್ನು ಚೈನಿನ ಖಾತೆಗೆ ಬರೆಯಬೇಡಿ. ನಡುಕ ಕಮ್ಮಿಯಾದದ್ದು ಅದಕ್ಕೆ ಎದುರು ತೂಕ ಕೊಡುವ ಬ್ಯಾಲೆನ್ಸರ್ ಶಾಫ್ಟಿನಿಂದ. ಮೇಲಕ್ಕೆ ತಿರುಗುವುದು ಪುಶ್‌ರಾಡ್‌ಗಳ ಭಾರ ಹೋಗಿದ್ದರಿಂದ, ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 90 ಮಿ.ಮೀ. ಇಂದ 85.8ಕ್ಕೆ ಇಳಿದದ್ದರಿಂದ. 20.2 ಬಿಎಚ್‌ಪಿ ಬರುವುದು 6100 ಆರ್‌ಪಿಎಂನಲ್ಲಿ, ಇವೆರಡರ ನಡುವೆ ಬಂದ ಯುಸಿಇ (ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೂಡಿನಲ್ಲಿರುವ) 350ಕ್ಕೆ ಇದ್ದದ್ದು 5250ರಲ್ಲಿ 19.8. ಆ ಯುಸಿಇಯಲ್ಲೂ ಕ್ಯಾಮ್ ಗೇರಿನದೇ. ಚೈನ್ ಇಲ್ಲಿ ಮಾಡಿದ್ದು ಕ್ಯಾಮನ್ನು ಮೇಲೆ ಕೂರಿಸಲು ದಾರಿ ಕೊಟ್ಟದ್ದು, ಅಷ್ಟೇ.

ಹಾಗಾದರೆ ಗೇರು, ಚೈನು ಮಾತ್ರ ಬದಲಾಗಿ ಉಳಿದದ್ದೆಲ್ಲ ಒಂದೇ ಇರುವ ಇಂಜಿನ್ ಎಲ್ಲಿದೆ? ಅಮೆರಿಕದ ಹಾರ್ಲಿ-ಡೇವಿಡ್ಸನ್‌ನಲ್ಲಿದೆ. 1999ರ ಟ್ವಿನ್ ಕ್ಯಾಮ್ 88 ಇಂಜಿನ್ನಿನಲ್ಲಿ ಎರಡು ಕ್ಯಾಮುಗಳಿಗೆ ಚೈನ್ ಇತ್ತು, ಚೈನನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಟೆನ್ಷನರಿನ ಪ್ಲಾಸ್ಟಿಕ್ ಶೂಗಳು ಸವೆದು ಚೂರುಗಳು ಎಣ್ಣೆಗೆ ಸೇರುತ್ತಿದ್ದವು. ಗಮನಿಸಿ, ಕೈಕೊಟ್ಟದ್ದು ಶೂ, ಚೈನಲ್ಲ. ಹೊರಗಿನ ಕಂಪನಿಗಳು ಗೇರಿನ ಕಿಟ್ ತಂದವು. ಆದರೆ ಕ್ರ್ಯಾಂಕಿನ ತುದಿ ಸ್ವಲ್ಪ ಓಲಾಡುತ್ತಿದ್ದರೂ ಗೇರ್ ಸಹಿಸುವುದಿಲ್ಲ, ಚೈನ್ ಸಹಿಸುತ್ತದೆ. ಮುಂದೆ ಹಾರ್ಲಿ ಎಣ್ಣೆಯ ಒತ್ತಡದಿಂದ ಒತ್ತುವ ಹೈಡ್ರಾಲಿಕ್ ಟೆನ್ಷನರ್ ಹಾಕಿತು. 2017ರ ಮಿಲ್ವಾಕಿ-ಎಯ್ಟ್ ಇಂಜಿನ್ನಿನಲ್ಲೂ ಚೈನನ್ನೇ ಉಳಿಸಿಕೊಂಡಿತು. ಹೋಂಡಾದ ವಿಎಫ್ಆರ್ ಬೈಕು ಇನ್ನೊಂದು ಸಾಕ್ಷಿ: 1986ರ 750ರಲ್ಲಿ ಗೇರ್, 1998ರ 800ರಲ್ಲೂ ಗೇರ್, 2002ರಲ್ಲಿ ಚೈನ್. ಗೇರಿನ ಮೇಲೆ ಅಷ್ಟು ಕೈ ಪಳಗಿದ್ದವರೇ ಬಿಟ್ಟರು. ಜೋರಾಗಿ ತಿರುಗುವ ಇಂಜಿನ್ನಿಗೆ ಗೇರೇ ಬೇಕು ಅನ್ನುವವರಿಗೆ ಕವಾಸಕಿ ಜೆಡ್ಎಕ್ಸ್-25ಆರ್ ತೋರಿಸುತ್ತೇನೆ. ಅದು 17,000 ಆರ್‌ಪಿಎಂ ತಿರುಗುವುದು ಚೈನಿನಲ್ಲೇ.

ಚೈನಿನ ದೋಷ ಇಲ್ಲವೆಂದಲ್ಲ. ಅದರ ಪಿನ್ನು, ಬುಶ್ಶು ಸವೆದು ಚೈನ್ ಉದ್ದವಾಗುತ್ತದೆ, ಕ್ಯಾಮ್ ತಡವಾಗುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ತೀರಾ ಸಡಿಲವಾಗಿ ಹಲ್ಲು ಹಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುವ ಭಯ. ಗೇರಿನಲ್ಲಿ ಸವೆತಕ್ಕೆ ಸದ್ದು ಹೆಚ್ಚಾಗುತ್ತದೆಯೇ ಹೊರತು ಟೈಮಿಂಗ್ ಅಷ್ಟು ಜಾರುವುದಿಲ್ಲ. ತಮ್ಮನ 150 ಸಿಸಿ ಬೈಕು ಎಣ್ಣೆ ಬದಲಿಸದೆ ಓಡಿ ಓಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕರಕರ ಅನ್ನುತ್ತಿತ್ತು. ಮಿಸ್ತ್ರಿ ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಟೆನ್ಷನರ್ ಇರುವ ಜಾಗಕ್ಕೆ ಬಂದಾಗ ತಲೆಯಾಡಿಸಿದ. ಬಿಚ್ಚಿದಾಗ ಅದರ ಕಡ್ಡಿ ತುದಿಯವರೆಗೂ ಹೊರಬಂದಿತ್ತು. ಇನ್ನು ಒತ್ತಲು ಜಾಗವೇ ಇಲ್ಲ, ಅಂದರೆ ಚೈನ್ ಮುಗಿದಿದೆ. ಚೈನು, ಗೈಡು, ಟೆನ್ಷನರ್ ಮೂರೂ ಬದಲಿಸಿದ. ಇಂಜಿನ್ ಇಳಿಸಲಿಲ್ಲ, ಮ್ಯಾಗ್ನೆಟ್ ತೆಗೆದೇ ಕೆಲಸ ಆಯಿತು. ಕೆಲವರು ದುಡ್ಡು ಉಳಿಸಲು ಬರೀ ಟೆನ್ಷನರ್ ಹಾಕಿಸುತ್ತಾರೆ. ಅದು ವ್ಯರ್ಥ, ಚೈನ್ ಹಳೆಯದೇ ಉಳಿದರೆ ಕಡ್ಡಿ ಮತ್ತೆ ಅಷ್ಟೇ ಹೊರಗೆ ಬರುತ್ತದೆ.

ದಿನಾ ಆಫೀಸಿಗೆ, ಹಬ್ಬಕ್ಕೆ ಬೆಳಗಾವಿ-ಧಾರವಾಡಕ್ಕೆ ಹೋಗುವವರು ಕಣ್ಣುಮುಚ್ಚಿ ಚೈನಿನದು ತಗೊಳ್ಳಿ, ಎಣ್ಣೆ ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಿ. ಗೇರಿನ ಹಳೇ ಬುಲೆಟ್ ಬೇಕೇಬೇಕು ಅನ್ನುವವರು ನಾನಾ ಪೇಠದಲ್ಲಿ ಸಾಮಾನು ಹುಡುಕುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ. ನೋಡಲು ಹೋದಾಗ ಇಂಜಿನ್ ತಣ್ಣಗಿರುವಾಗಲೇ ಹೋಗಿ, ಮಾಲೀಕ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಟೀ ಕುಡಿದು ಆರುವವರೆಗೆ ಕಾಯಿರಿ. ಆಮೇಲೆ ಸ್ಟಾರ್ಟ್ ಮಾಡಿಸಿ, ಸ್ಕ್ರೂಡ್ರೈವರ್ ಬಲಗಡೆಯ ಟೈಮಿಂಗ್ ಕವರಿಗೆ ಒತ್ತಿ ಕೇಳಿ. ಹದವಾದ ಕಟಕಟ ಇದ್ದರೆ ಬೆಲೆ ಮಾತಾಡಿ, ಅಳುವ ಸದ್ದು ಇದ್ದರೆ ಕವರ್ ಬಿಚ್ಚಿ ತೋರಿಸಲು ಒಪ್ಪಿದ ಮೇಲೆ ಮುಂದಿನ ಮಾತು.